ಬುಪಿವಕೇನ್, ಲೀವೋಬುಪಿವಕೇನ್, ರೋಪಿವಕೇನ್: ನರ್ವ್ ಬ್ಲಾಕ್‌ಗೆ ಯಾವುದನ್ನು, ಎಷ್ಟು, ಹೇಗೆ ಆರಿಸಬೇಕು?

ಅನಸ್ತೇಷಿಯಾ ಪಿಜಿ ಓದುತ್ತಿರುವವರು, ತಾಲ್ಲೂಕು ಆಸ್ಪತ್ರೆಯ ಓಟಿಯನ್ನು ಒಬ್ಬರೇ ನೋಡಿಕೊಳ್ಳುವ ಅರಿವಳಿಕೆ ವೈದ್ಯರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ಈ ಮೂರರಲ್ಲಿ ಯಾವುದು ಒಳ್ಳೆಯದು?" ಹಾಗೆ ಕೇಳಿದರೆ ಉತ್ತರ ಸಿಗುವುದಿಲ್ಲ. ಮೂರೂ ನರ್ವ್ ಬ್ಲಾಕ್‌ಗೆ, ಅಂದರೆ ನರದ ಪಕ್ಕ ಚುಚ್ಚಿ ಆ ಭಾಗವನ್ನಷ್ಟೇ ಮರಗಟ್ಟಿಸುವುದಕ್ಕೆ, ಬಳಸುವ ಔಷಧಗಳು; ಒಳ್ಳೆಯ ಕೈಯಲ್ಲಿ ಮೂರೂ ಚೆನ್ನಾಗಿ ಕೆಲಸ ಮಾಡುತ್ತವೆ. ಕೇಳಬೇಕಾದದ್ದು ಬೇರೆ. ಈ ರೋಗಿಗೆ ಎಷ್ಟು ಹೊತ್ತು ನೋವು ಇರಬಾರದು? ಎಷ್ಟು ಹೊತ್ತು ಕೈಕಾಲು ಆಡದಿದ್ದರೂ ನಡೆಯುತ್ತದೆ? ಇವರ ತೂಕಕ್ಕೆ ಎಷ್ಟು ಮಿ.ಲೀ. ಕೊಡಬಹುದು? ಈ ಮೂರಕ್ಕೆ ಉತ್ತರ ಬರೆದುಕೊಂಡ ಮೇಲೆ ಯಾವ ವಯಲ್ ಒಡೆಯಬೇಕು ಅನ್ನುವುದು ಬಹುತೇಕ ತಾನಾಗಿಯೇ ತೀರ್ಮಾನವಾಗುತ್ತದೆ. ನಾನು ಜೂನಿಯರ್‌ಗಳಿಗೆ ಹೇಳಿಕೊಡುವುದೂ ಇದೇ ಕ್ರಮದಲ್ಲಿ.

ಮೊದಲು ಮೂರನ್ನೂ ಪರಿಚಯ ಮಾಡಿಕೊಳ್ಳಿ

ಬುಪಿವಕೇನ್ ಹಳೆಯದು. 1957ರಲ್ಲಿ ಸ್ವೀಡನ್ನಿನಲ್ಲಿ ತಯಾರಾಯಿತು. ಅದರ ಅಣುವಿಗೆ ಆರ್ ಮತ್ತು ಎಸ್ ಎಂದು ಎರಡು ರೂಪ, ಎಡಗೈ ಬಲಗೈ ಇದ್ದಂತೆ. ನಮ್ಮ ಮಾಮೂಲಿ ವಯಲ್‌ನಲ್ಲಿ ಎರಡೂ ಸಮಸಮ ಇರುತ್ತವೆ. ನರವನ್ನು ಮರಗಟ್ಟಿಸುವುದರಲ್ಲಿ ಎರಡೂ ಗಟ್ಟಿ. ಆದರೆ ಆರ್ ರೂಪ ಹೃದಯದ ಸೋಡಿಯಂ ಚಾನಲ್‌ಗೆ ಅಂಟಿಕೊಂಡರೆ ಬೇಗ ಬಿಡುವುದಿಲ್ಲ. ಮರಗಟ್ಟಿಸುವ ಇನ್ನೊಂದು ಔಷಧ ಲಿಗ್ನೋಕೇನ್ ಹೋಗಿ ಕೂತಷ್ಟೇ ಬೇಗ ಎದ್ದು ಬರುತ್ತದೆ, ಬುಪಿವಕೇನ್ ಹಾಗಲ್ಲ. ಒಂದು ಬಡಿತಕ್ಕೂ ಮುಂದಿನ ಬಡಿತಕ್ಕೂ ನಡುವೆ ಅದು ಪೂರ್ತಿ ಬಿಟ್ಟುಕೊಡುವುದೇ ಇಲ್ಲ. 1979ರಲ್ಲಿ ಜಾರ್ಜ್ ಆಲ್‌ಬ್ರೈಟ್ ಒಂದು ಸಂಪಾದಕೀಯ ಬರೆದರು. ಬುಪಿವಕೇನ್ ಮತ್ತು ಅದೇ ಬಗೆಯ ಎಟಿಡೋಕೇನ್ ತಪ್ಪಿ ರಕ್ತನಾಳಕ್ಕೆ ಹೋದಾಗ ಹೃದಯ ನಿಂತುಹೋಗುತ್ತದೆ, ಅದನ್ನು ಮತ್ತೆ ಹೊಡೆಯುವಂತೆ ಮಾಡುವುದು ಬಹಳ ಕಷ್ಟ ಎಂದು ಎಚ್ಚರಿಸಿದರು. ಕೆಲವು ವರ್ಷಗಳಲ್ಲೇ ಅಮೆರಿಕದಲ್ಲಿ ಹೆರಿಗೆ ಎಪಿಡ್ಯೂರಲ್‌ಗೆ (ಬೆನ್ನಿಗೆ ಕೊಡುವ ಇಂಜೆಕ್ಷನ್) 0.75% ಬುಪಿವಕೇನ್ ಬಳಸುವುದು ನಿಂತಿತು.

ಉಳಿದೆರಡು ಔಷಧಗಳು ಬಂದದ್ದು ಈ ಭಯದಿಂದಲೇ. ಎರಡೂ ಎಸ್ ರೂಪ ಮಾತ್ರ ಇರುವ ಔಷಧಗಳು. ಲೀವೋಬುಪಿವಕೇನ್ ಅಂದರೆ ಬುಪಿವಕೇನಿನ ಒಳ್ಳೆಯ ಅರ್ಧ ಮಾತ್ರ. ರೋಪಿವಕೇನ್‌ನಲ್ಲಿ ಅಣುವಿನ ಬಾಲ ಒಂದು ಕಾರ್ಬನ್‌ನಷ್ಟು ಚಿಕ್ಕದು. ಹಾಗಾಗಿ ಅದು ಕೊಬ್ಬಿನಲ್ಲಿ ಕಡಿಮೆ ಕರಗುತ್ತದೆ. ಚಲನೆಯ ನರಗಳಿಗೆ ದಪ್ಪ ಮೈಲಿನ್ ಹೊದಿಕೆ ಇರುತ್ತದೆ, ಅಲ್ಲಿಗೆ ನುಗ್ಗುವುದು ರೋಪಿವಕೇನಿಗೆ ಸ್ವಲ್ಪ ಕಷ್ಟ. ಅಮೆರಿಕದಲ್ಲಿ 1996ರಲ್ಲಿ ಇದಕ್ಕೆ ಅನುಮತಿ ಸಿಕ್ಕಿತು.

ಬಳಕೆಯಲ್ಲಿ ಇದರ ಅರ್ಥ ಇಷ್ಟು. ಲೀವೋಬುಪಿವಕೇನ್ ಎಷ್ಟು ಹೊತ್ತು ಇರುತ್ತದೆ ಅನ್ನುವುದರಲ್ಲಿ ಬುಪಿವಕೇನಿನ ತಮ್ಮನೇ. ಎರಡನ್ನೂ ಒಂದೇ ಪ್ರಮಾಣದಲ್ಲಿ ಕೊಟ್ಟರೆ ರೋಗಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಹೃದಯಕ್ಕೆ ಮಾತ್ರ ಸ್ವಲ್ಪ ನಿರಾಳ. ರೋಪಿವಕೇನ್ ಬೇಗ ಇಳಿಯುತ್ತದೆ, ಕೈಕಾಲಿನ ಶಕ್ತಿ ಬೇಗ ಮರಳುತ್ತದೆ, ಹೃದಯಕ್ಕೆ ಮೂರರಲ್ಲಿ ಅತಿ ಕಡಿಮೆ ಅಪಾಯ. ಆದರೆ ಅದರ ಶಕ್ತಿಯೂ ಕಡಿಮೆ. 0.5% ಬುಪಿವಕೇನ್ ಕೊಡುವ ಬ್ಲಾಕ್ ಬೇಕಿದ್ದರೆ ರೋಪಿವಕೇನ್ 0.75% ಬೇಕಾಗುತ್ತದೆ. ಅದಕ್ಕೇ "ರೋಪಿ ಸೇಫ್, ಎಷ್ಟು ಬೇಕಾದರೂ ಕೊಡಬಹುದು" ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಜಾಸ್ತಿ ಕೊಟ್ಟರೆ ಅದೂ ಫಿಟ್ಸ್ ತರುತ್ತದೆ, ಅದೂ ಹೃದಯ ನಿಲ್ಲಿಸುತ್ತದೆ.

ಹೆಜ್ಜೆ 1: ಗಡಿಯಾರ ನೋಡಿ, ಬ್ಲಾಕ್ ಎಷ್ಟು ಗಂಟೆಗೆ ಇಳಿಯುತ್ತದೆ ಎಂದು ಲೆಕ್ಕ ಹಾಕಿ

ಇದು ಎಲ್ಲಕ್ಕಿಂತ ಮುಖ್ಯ. ಇದನ್ನೇ ಬಹಳ ಜನ ಬಿಟ್ಟುಬಿಡುತ್ತಾರೆ.

ತೋಳಿನ ಬ್ರೇಕಿಯಲ್ ಪ್ಲೆಕ್ಸಸ್ ಬ್ಲಾಕ್‌ಗೆ 0.5% ಬುಪಿವಕೇನ್ ಅಥವಾ ಲೀವೋಬುಪಿವಕೇನ್ ಒಂದೇ ಸಲ ಕೊಟ್ಟರೆ, ಸರ್ಜರಿಗೆ ಬೇಕಾದಷ್ಟು ಮರಗಟ್ಟಲು 20ರಿಂದ 30 ನಿಮಿಷ ಬೇಕು. ನೋವು ನಿವಾರಣೆ ಸುಮಾರು 12ರಿಂದ 18 ಗಂಟೆ ಇರುತ್ತದೆ. ಕೆಲವರಿಗೆ ಮರುದಿನವೂ ಕೈ ಭಾರವಾಗಿಯೇ ಇರುತ್ತದೆ. ರೋಪಿವಕೇನ್ 0.5% ಅಥವಾ 0.75% ಕೊಟ್ಟರೆ ಸ್ವಲ್ಪ ಬೇಗ ಹಿಡಿಯುತ್ತದೆ, ಸುಮಾರು 8ರಿಂದ 12 ಗಂಟೆ ನಡೆಯುತ್ತದೆ. ಇವು ಅಂದಾಜು ಮಾತ್ರ. ಕಾಲಿನ ಸಯಾಟಿಕ್ ನರದಲ್ಲಿ ಇನ್ನೂ ಜಾಸ್ತಿ ಹೊತ್ತು ಇರುತ್ತದೆ, ಹೊಟ್ಟೆಯ ಟ್ಯಾಪ್ ಬ್ಲಾಕ್‌ನಂಥವು ಬೇಗ ಮುಗಿಯುತ್ತವೆ.

ಈಗ ಲೆಕ್ಕ ಹಾಕಿ. ಬೆಳಿಗ್ಗೆ 9:30ಕ್ಕೆ ಬುಪಿವಕೇನ್ ಬ್ಲಾಕ್ ಕೊಟ್ಟಿರಿ. ಅದು ಇಳಿಯುವುದು ರಾತ್ರಿ 9:30ರಿಂದ ಬೆಳಗಿನ ಜಾವ 3:30ರ ನಡುವೆ. ಅಷ್ಟು ಹೊತ್ತಿಗೆ ವಾರ್ಡಿನಲ್ಲಿ ಒಬ್ಬ ಸಿಸ್ಟರ್ ಇರುತ್ತಾರೆ, ಜೊತೆಗಿದ್ದವರು ನಿದ್ದೆಯಲ್ಲಿರುತ್ತಾರೆ. ಸಂಜೆ ನೋವೇ ಇಲ್ಲ ಎಂದು ರೋಗಿ ಮಾತ್ರೆ ನುಂಗಿರುವುದಿಲ್ಲ. ಎರಡು ಗಂಟೆಗೆ ಎಚ್ಚರವಾದಾಗ ನೋವು ಒಮ್ಮೆಲೇ ಪೂರ್ತಿ ಬಂದಿರುತ್ತದೆ. ರಿಬೌಂಡ್ ನೋವು ಎಂದು ಇದನ್ನೇ ಕರೆಯುತ್ತಾರೆ. ಬ್ಲಾಕ್ ಚೆನ್ನಾಗಿ ಕೆಲಸ ಮಾಡಿದ ರೋಗಿಯೇ ಮರುದಿನ "ಇದೇನು ಡಾಕ್ಟ್ರೇ, ರಾತ್ರಿಯೆಲ್ಲ ಸತ್ತುಹೋದೆ" ಅನ್ನುವುದು ಹೀಗೆ. ಅದೇ ಹೊತ್ತಿಗೆ ರೋಪಿವಕೇನ್ ಕೊಟ್ಟಿದ್ದರೆ ಅದು ಸಂಜೆ 5:30ರಿಂದ 9:30ರ ಒಳಗೆ ಇಳಿಯುತ್ತಿತ್ತು. ಎಲ್ಲರೂ ಎಚ್ಚರವಾಗಿರುವ ಹೊತ್ತು ಅದು. ನೋವು ಬರುತ್ತಿದ್ದಂತೆ ಇಂಜೆಕ್ಷನ್ ಕೊಡುವವರಿರುತ್ತಾರೆ.

ಹಾಗಂತ ರೋಪಿವಕೇನೇ ಮೇಲು ಎನ್ನುತ್ತಿಲ್ಲ. ಮಧ್ಯಾಹ್ನ ಮೂರಕ್ಕೆ ಮುರಿದ ಮಣಿಕಟ್ಟಿಗೆ ಪ್ಲೇಟ್ ಹಾಕುತ್ತಿದ್ದರೆ ಬುಪಿವಕೇನ್ ರಾತ್ರಿಯ ಬಹುಪಾಲನ್ನು ದಾಟಿಸಿಬಿಡುತ್ತದೆ, ಅಲ್ಲಿ ಅದೇ ಸರಿ. ಔಷಧ ಒಂದೇ, ಕೊಡುವ ಹೊತ್ತು ಬದಲಾದರೆ ತೀರ್ಮಾನವೂ ಬದಲಾಗುತ್ತದೆ.

ಕೆಲವು ಮಾಮೂಲಿ ಕೇಸ್‌ಗಳಿಗೆ ನನ್ನ ಆಯ್ಕೆ ಹೀಗಿರುತ್ತದೆ.

ಡಯಾಲಿಸಿಸ್‌ಗೆಂದು ಕೈಯ ರಕ್ತನಾಳಗಳನ್ನು ಜೋಡಿಸಿ ಫಿಸ್ಟುಲಾ ಮಾಡುವಾಗ ಸರ್ಜರಿ ಒಂದೆರಡು ಗಂಟೆ. ಆಮೇಲೆ ನೋವು ಕಡಿಮೆ. ಹದಿನೆಂಟು ಗಂಟೆ ಸತ್ತ ಕೈಯಿಟ್ಟುಕೊಂಡು ರೋಗಿ ಏನು ಮಾಡುತ್ತಾರೆ? 0.5% ರೋಪಿವಕೇನ್ ಸಾಕು. ಬ್ಲಾಕ್‌ನಿಂದ ರಕ್ತನಾಳಗಳು ಹಿಗ್ಗುವುದು ಸರ್ಜನ್‌ಗೂ ಅನುಕೂಲ.

ಮಂಡಿ ಬದಲಿಸಿದವರನ್ನು ಅದೇ ಸಂಜೆ ಅಥವಾ ಮರುದಿನ ಬೆಳಿಗ್ಗೆ ನಡೆಸಬೇಕು. ತೊಡೆಯ ಫೀಮರಲ್ ನರವನ್ನೇ ಗಟ್ಟಿಯಾಗಿ ಮರಗಟ್ಟಿಸಿದರೆ ಮಂಡಿ ಕುಸಿದು ಬೀಳುತ್ತಾರೆ. ತೊಡೆಯ ಒಳಬದಿಯ ಅಡಕ್ಟರ್ ಕೆನಾಲ್‌ನಲ್ಲಿ 0.2% ರೋಪಿವಕೇನ್ ಒಳ್ಳೆಯದು. ಕ್ಯಾಥಿಟರ್ (ಸಣ್ಣ ನಳಿಕೆ) ಇಟ್ಟು ಗಂಟೆಗೆ 5ರಿಂದ 8 ಮಿ.ಲೀ. ಓಡಿಸುವುದಕ್ಕೂ ಇದೇ ಪ್ರಮಾಣ.

ಭುಜದ ಸರ್ಜರಿಯಲ್ಲಿ ಮೊದಲ ರಾತ್ರಿಯ ನೋವು ಜೋರು. ಅಲ್ಲಿ ಬುಪಿವಕೇನ್ ಅಥವಾ ಲೀವೋಬುಪಿವಕೇನ್ ಬಯಸುವುದು ಸಹಜ. ಆದರೆ ಕುತ್ತಿಗೆಯ ಬದಿಯಲ್ಲಿ ಇಂಟರ್‌ಸ್ಕೇಲೀನ್ ಬ್ಲಾಕ್ ಕೊಟ್ಟರೆ ಉಸಿರಾಡಿಸುವ ಆ ಕಡೆಯ ವಪೆಯೂ ಬಹಳ ಸಲ ನಿಂತುಹೋಗುತ್ತದೆ. ಬೀಡಿ ಸೇದಿ ಶ್ವಾಸಕೋಶ ಕೆಟ್ಟವರಿಗೆ ಅದು ಹನ್ನೆರಡು ಗಂಟೆಗೂ ಮೀರಿದ ಕಷ್ಟ. ಅಂಥವರಿಗೆ ಔಷಧ ಬದಲಿಸುವುದಕ್ಕಿಂತ ಬ್ಲಾಕ್ ಕೊಡುವ ಜಾಗವನ್ನೇ ಬದಲಿಸಿ.

ಮೊಳಕಾಲಿನ ಕೆಳಗಿನ ಟಿಬಿಯಾ ಮುರಿದಿದ್ದರೆ ತುಂಬ ಎಚ್ಚರ ಬೇಕು. ಸ್ನಾಯುಗಳ ಒತ್ತಡ ಏರಿ ಕಾಲಿಗೆ ರಕ್ತ ನಿಲ್ಲುವ ಕಂಪಾರ್ಟ್‌ಮೆಂಟ್ ಸಿಂಡ್ರೋಮ್ ಶುರುವಾದರೆ, ಅದರ ಮೊದಲ ಸುಳಿವು ಅಳತೆ ಮೀರಿದ ನೋವು. ಗಟ್ಟಿ ಬ್ಲಾಕ್ ಆ ಸುಳಿವನ್ನು ಮುಚ್ಚಿಬಿಡಬಹುದು. ಮೂಳೆ ಡಾಕ್ಟರ ಜೊತೆ ಮಾತಾಡದೆ ಸೂಜಿ ಹಾಕಬೇಡಿ. ಕೊಡುವುದೇ ಆದರೆ ತೆಳು ಪ್ರಮಾಣದಲ್ಲಿ ಕೊಡಿ, ವಾರ್ಡಿಗೆ ಹೇಳಿಡಿ.

ಹೆಜ್ಜೆ 2: ಬ್ಲಾಕ್‌ನಲ್ಲೇ ಸರ್ಜರಿಯೋ, ನೋವಿಗೆ ಮಾತ್ರವೋ?

ಬ್ಲಾಕ್ ಒಂದರಲ್ಲೇ ಸರ್ಜರಿ ಮುಗಿಸಬೇಕಿದ್ದರೆ ಬುಪಿವಕೇನ್ ಅಥವಾ ಲೀವೋಬುಪಿವಕೇನ್ 0.5%, ರೋಪಿವಕೇನ್ 0.5ರಿಂದ 0.75% ಬೇಕು. ಜನರಲ್ (ಪೂರ್ತಿ ಪ್ರಜ್ಞೆ ತಪ್ಪಿಸುವುದು) ಅಥವಾ ಸ್ಪೈನಲ್ (ಬೆನ್ನಿಗೆ ಇಂಜೆಕ್ಷನ್) ಕೊಟ್ಟು, ಆಮೇಲಿನ ನೋವಿಗೆ ಮಾತ್ರ ಬ್ಲಾಕ್ ಕೊಡುತ್ತಿದ್ದರೆ 0.25% ಬುಪಿವಕೇನ್, 0.2% ರೋಪಿವಕೇನ್ ಸಾಕು. ನೋವಿಗಷ್ಟೇ ಕೊಡುವ ಬ್ಲಾಕ್‌ಗೆ 0.5% ತುಂಬುವುದು ಸುಮ್ನೆ ಅಪಾಯ ತಂದುಕೊಂಡಂತೆ.

ಹೆಜ್ಜೆ 3: ಸಿರಿಂಜ್ ತುಂಬುವ ಮೊದಲೇ ಮಿ.ಲೀ. ಲೆಕ್ಕ ಬರೆಯಿರಿ

ಶೇಕಡಾವನ್ನು ಹತ್ತರಿಂದ ಗುಣಿಸಿದರೆ ಒಂದು ಮಿ.ಲೀ.ನಲ್ಲಿ ಎಷ್ಟು ಮಿ.ಗ್ರಾಂ. ಇದೆ ಎಂದು ಸಿಗುತ್ತದೆ. 0.5% ಅಂದರೆ 5 ಮಿ.ಗ್ರಾಂ., 0.2% ಅಂದರೆ 2 ಮಿ.ಗ್ರಾಂ. ಸಾಮಾನ್ಯವಾಗಿ ಒಪ್ಪಿಕೊಂಡ ಗರಿಷ್ಠ ಮಿತಿ, ಒಂದು ಕಿಲೋ ತೂಕಕ್ಕೆ, ಹೀಗಿದೆ: ಬುಪಿವಕೇನ್ 2 ಮಿ.ಗ್ರಾಂ., ಲೀವೋಬುಪಿವಕೇನ್ 2 ಮಿ.ಗ್ರಾಂ., ರೋಪಿವಕೇನ್ 3 ಮಿ.ಗ್ರಾಂ. ಅಡ್ರಿನಲಿನ್ ಬೆರೆಸದ ಲಿಗ್ನೋಕೇನ್‌ಗೆ 4.5 ಮಿ.ಗ್ರಾಂ. ದಪ್ಪ ಇರುವವರಿಗೆ ನಿಜ ತೂಕವಲ್ಲ, ಎತ್ತರಕ್ಕೆ ತಕ್ಕ ತೂಕ ಹಿಡಿಯಿರಿ.

ನಮ್ಮ ಓಟಿಗಳಲ್ಲಿ ಐವತ್ತು ಕಿಲೋ ರೋಗಿಗಳು ಬಹಳ. ಅವರದ್ದೇ ಲೆಕ್ಕ ಮಾಡೋಣ. ಬುಪಿವಕೇನ್ ಮಿತಿ 100 ಮಿ.ಗ್ರಾಂ. ಅಂದರೆ 0.5% ಆದರೆ ಬರೀ 20 ಮಿ.ಲೀ. ಒಂದು ವಯಲ್ ಮುಗಿದರೆ ಮಿತಿಯೂ ಮುಗಿಯಿತು. ರೋಪಿವಕೇನ್ ಮಿತಿ 150 ಮಿ.ಗ್ರಾಂ. 0.75% ಆದರೆ 20 ಮಿ.ಲೀ., 0.5% ಆದರೆ 30 ಮಿ.ಲೀ. ನೋಡಿ, ಗಟ್ಟಿ ಬ್ಲಾಕ್‌ಗೆ 0.75% ತೆಗೆದುಕೊಂಡರೆ ರೋಪಿವಕೇನ್ ಕೊಡುವ ಮಿ.ಲೀ. ಲಾಭ ಏನೂ ಇಲ್ಲ. ಲಾಭ ಇರುವುದು ತೆಳು ಪ್ರಮಾಣದಲ್ಲಿ, ಅದೂ ಜಾಸ್ತಿ ಮಿ.ಲೀ. ಬೇಕಾದ ಬ್ಲಾಕ್‌ಗಳಲ್ಲಿ.

ಟ್ಯಾಪ್ ಬ್ಲಾಕ್ ಅಂಥದ್ದು. ಎರಡೂ ಕಡೆ 20 ಮಿ.ಲೀ. ಅಂದರೆ ಒಟ್ಟು 40. ಅದೇ ಐವತ್ತು ಕಿಲೋ ರೋಗಿಗೆ 0.25% ಬುಪಿವಕೇನ್ ಕೊಟ್ಟರೆ 100 ಮಿ.ಗ್ರಾಂ., ಮಿತಿಯ ಅಂಚಿಗೆ ಬಂದು ನಿಂತಿರಿ. 0.2% ರೋಪಿವಕೇನ್ ಆದರೆ 80 ಮಿ.ಗ್ರಾಂ., ಮಿತಿಯ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ಸಿಸೇರಿಯನ್ ಆದವರಿಗೆ ಈ ವ್ಯತ್ಯಾಸ ಇನ್ನೂ ಮುಖ್ಯ. ಬಸುರಿನಲ್ಲಿ ಔಷಧವನ್ನು ಹಿಡಿದಿಡುವ ಪ್ರೋಟೀನ್ ರಕ್ತದಲ್ಲಿ ಇಳಿದಿರುತ್ತದೆ. ಸ್ಪೈನಲ್‌ಗೆ ಕೊಟ್ಟ 10 ಮಿ.ಗ್ರಾಂ. ಬುಪಿವಕೇನ್ ಕೂಡ ಲೆಕ್ಕಕ್ಕೆ ಸೇರುತ್ತದೆ. ಹಾಗಾಗಿ ಇಲ್ಲಿ ರೋಪಿವಕೇನ್ ಇದ್ದರೆ ನಾನು ಬೇರೆಯದನ್ನು ಮುಟ್ಟುವುದಿಲ್ಲ.

ಇನ್ನೊಂದು ಮರೆತುಹೋಗುವ ಲೆಕ್ಕ ಸರ್ಜನ್ ಕೈಯದು. ವಿಷದ ಪರಿಣಾಮ ಒಂದಕ್ಕೊಂದು ಕೂಡಿಕೊಳ್ಳುತ್ತದೆ. ಅವರು ಚರ್ಮಕ್ಕೆ 2% ಲಿಗ್ನೋಕೇನ್ 5 ಮಿ.ಲೀ. ಹಾಕಿದರು ಅಂದುಕೊಳ್ಳಿ. 100 ಮಿ.ಗ್ರಾಂ. ಆಯಿತು. ಐವತ್ತು ಕಿಲೋಗೆ ಲಿಗ್ನೋಕೇನ್ ಮಿತಿ 225. ಅಂದರೆ ಸುಮಾರು 44% ಪಾಲು ಆಗಲೇ ಖರ್ಚು. ಉಳಿದ 56% ಪಾಲಿಗೆ ಬುಪಿವಕೇನ್ 56 ಮಿ.ಗ್ರಾಂ., 0.5% ಆದರೆ ಹನ್ನೊಂದೇ ಮಿ.ಲೀ. "ಸರ್, ಎಷ್ಟು ಹಾಕಿದಿರಿ?" ಎಂದು ಕೇಳಿ ಬೋರ್ಡಿನ ಮೇಲೆ ಬರೆಯಿರಿ. ಕೇಳಲು ಸಂಕೋಚ ಬೇಡ.

ಎಪ್ಪತ್ತು ದಾಟಿದವರಿಗೆ, ಕಿಡ್ನಿ ಕೆಟ್ಟವರಿಗೆ 10ರಿಂದ 20% ಇಳಿಸುವುದು ರೂಢಿ. ಲಿವರ್ ಕೆಟ್ಟವರಿಗೆ ಕ್ಯಾಥಿಟರ್‌ನಲ್ಲಿ ದಿನಗಟ್ಟಲೆ ಓಡಿಸುವಾಗ ಇನ್ನೂ ಎಚ್ಚರ ಬೇಕು, ಇವು ಮೂರೂ ಕರಗುವುದು ಅಲ್ಲೇ. ಎಳೆ ಕೂಸುಗಳ ಲೆಕ್ಕ ಬೇರೆಯೇ. ಅದನ್ನು ಮಕ್ಕಳ ಅರಿವಳಿಕೆಯಲ್ಲಿ ಪಳಗಿದವರಿಂದ ಕಲಿಯಿರಿ. ಜಾಗವೂ ಮುಖ್ಯ. ಪಕ್ಕೆಲುಬಿನ ನಡುವೆ ಕೊಟ್ಟ ಔಷಧ ರಕ್ತಕ್ಕೆ ಅತಿ ಬೇಗ ಸೇರುತ್ತದೆ, ಸಯಾಟಿಕ್ ಸುತ್ತ ಕೊಟ್ಟದ್ದು ನಿಧಾನ.

ಅಲ್ಟ್ರಾಸೌಂಡ್ ಇದ್ದರೆ ಈ ಲೆಕ್ಕವೆಲ್ಲ ಹಗುರವಾಗುತ್ತದೆ. ನರ ಕಾಣುತ್ತಿದ್ದರೆ ಇಂಟರ್‌ಸ್ಕೇಲೀನ್‌ಗೆ 10ರಿಂದ 15, ಕೊರಳೆಲುಬಿನ ಮೇಲೆ ಕೊಡುವ ಸುಪ್ರಾಕ್ಲಾವಿಕ್ಯುಲರ್‌ಗೆ 20 ಮಿ.ಲೀ. ಸಾಕು. ನನ್ನನ್ನು ಕೇಳಿದರೆ, ದುಬಾರಿ ಔಷಧಕ್ಕೆ ದುಡ್ಡು ಸುರಿಯುವ ಆಸ್ಪತ್ರೆ ಮೊದಲು ಒಳ್ಳೆಯ ಅಲ್ಟ್ರಾಸೌಂಡ್ ಪ್ರೋಬ್ ಕೊಳ್ಳಲಿ.

ಹೆಜ್ಜೆ 4: ಏನು ಬೆರೆಸಬೇಕು, ಏನು ಬೆರೆಸಬಾರದು

ಲಿಗ್ನೋಕೇನ್ ಜೊತೆ ಬುಪಿವಕೇನ್ ಬೆರೆಸುವುದು ನಮ್ಮಲ್ಲಿ ಬಲು ಚಾಲ್ತಿ. ಕೆಲವು ನಿಮಿಷ ಬೇಗ ಹಿಡಿಯುತ್ತದೆ ನಿಜ. ಆದರೆ ಎರಡೂ ಒಂದನ್ನೊಂದು ತೆಳುವಾಗಿಸುತ್ತವೆ, ಬ್ಲಾಕ್ ಬೇಗ ಇಳಿಯುತ್ತದೆ, ವಿಷದ ಲೆಕ್ಕ ಮಾತ್ರ ಕೂಡುತ್ತದೆ. ಬೇಗ ಬೇಕಿದ್ದರೆ ಅರ್ಧ ಗಂಟೆ ಮೊದಲೇ ಬ್ಲಾಕ್ ಕೊಡಿ.

ಅಡ್ರಿನಲಿನ್ ಅನ್ನು ಮಿ.ಲೀ.ಗೆ 5 ಮೈಕ್ರೋಗ್ರಾಂ ಅಥವಾ ಅದರ ಅರ್ಧದಷ್ಟು ಬೆರೆಸಬಹುದು. ಈ ಔಷಧಗಳ ಅವಧಿ ಅದರಿಂದ ಹೆಚ್ಚೇನೂ ಬೆಳೆಯುವುದಿಲ್ಲ. ಅದರ ನಿಜವಾದ ಉಪಯೋಗ ಕಾವಲು ಕಾಯುವುದು: ಸೂಜಿ ರಕ್ತನಾಳದಲ್ಲಿದ್ದರೆ ಮಾನಿಟರ್‌ನಲ್ಲಿ ನಾಡಿ ಏರಿ ತೋರಿಸುತ್ತದೆ.

ಡೆಕ್ಸಾ (ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್) ಅವಧಿ ಹೆಚ್ಚಿಸುವುದು ಖಚಿತ. ನರದ ಪಕ್ಕ 4 ಮಿ.ಗ್ರಾಂ. ಕೊಟ್ಟರೆ ಸುಮಾರು ಆರರಿಂದ ಎಂಟು ಗಂಟೆ ಜಾಸ್ತಿ. ಅಭಿಧಮನಿಗೆ ಕೊಟ್ಟರೂ ಲಾಭ ಇದೆ, ಸ್ವಲ್ಪ ಕಡಿಮೆ ಅಷ್ಟೇ. ನಾನು ಅಭಿಧಮನಿಗೇ 8 ಮಿ.ಗ್ರಾಂ. ಕೊಡುತ್ತೇನೆ. ನರದ ಪಕ್ಕ ಕೊಡಲು ಅದಕ್ಕೆ ಅಧಿಕೃತ ಅನುಮತಿ ಇಲ್ಲ. ವಾಂತಿ ತಡೆಯುವ ಲಾಭವೂ ಸಿಗುತ್ತದೆ. ರೋಪಿವಕೇನ್ ಜೊತೆ ಒಂದೇ ಸಿರಿಂಜ್‌ನಲ್ಲಂತೂ ಡೆಕ್ಸಾ ಬೆರೆಸಲೇಬೇಡಿ. ಹರಳುಗಟ್ಟುವುದು ಪ್ರಯೋಗಾಲಯದಲ್ಲಿ ಕಂಡಿದೆ. ಸೋಡಾ ಬೈಕಾರ್ಬ್ ಬೆರೆಸಿದರೂ ಇದೇ ಅಪಾಯ. ಸಕ್ಕರೆ ಕಾಯಿಲೆ ಇದ್ದರೆ ಮರುದಿನದವರೆಗೂ ಸಕ್ಕರೆ ನೋಡುತ್ತಿರಿ.

ಡೆಕ್ಸ್‌ಮೆಡಿಟೊಮಿಡಿನ್ ಕೂಡ ಅವಧಿ ಹೆಚ್ಚಿಸುತ್ತದೆ. ಆದರೆ ನಾಡಿ, ಬಿಪಿ ಇಳಿಸುತ್ತದೆ, ಮಂಪರು ತರುತ್ತದೆ. ರಾತ್ರಿ ನೋಡಿಕೊಳ್ಳುವವರು ಕಡಿಮೆ ಇರುವ ಕಡೆ ನನಗೆ ಅದು ಬೇಡ.

ಕೊಬ್ಬಿನ ಸಣ್ಣ ಗುಳ್ಳೆಗಳಲ್ಲಿ ತುಂಬಿದ ಲೈಪೋಸೋಮಲ್ ಬುಪಿವಕೇನ್ ಬಗ್ಗೆ ವಿದೇಶದಿಂದ ಬಂದವರು ಹೇಳುವುದನ್ನು ಕೇಳಿರುತ್ತೀರಿ. ಅಮೆರಿಕದಲ್ಲಿ 2011ರಲ್ಲಿ ಬಂತು, ಬೆಲೆ ಬಹಳ. 2021ರಲ್ಲಿ ಅನಸ್ತೇಷಿಯಾಲಜಿ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆ ನರ್ವ್ ಬ್ಲಾಕ್‌ನಲ್ಲಿ ಅದು ಸಾದಾ ಬುಪಿವಕೇನಿಗಿಂತ ಮೇಲಲ್ಲ ಎಂದಿತು. ಅದು ಸಿಗಲಿಲ್ಲ ಎಂದು ಯಾರೂ ಕೊರಗಬೇಕಿಲ್ಲ.

ಹೆಜ್ಜೆ 5: ಲೇಬಲ್ ಓದಿ, ನಿಧಾನವಾಗಿ ಕೊಡಿ, ಲಿಪಿಡ್ ಹತ್ತಿರ ಇರಲಿ

ಸ್ಪೈನಲ್‌ನ ಹೆವಿ ಬುಪಿವಕೇನ್‌ನಲ್ಲಿ ಡೆಕ್ಸ್‌ಟ್ರೋಸ್ ಇರುತ್ತದೆ, ಅದು ನರ್ವ್ ಬ್ಲಾಕ್‌ಗಲ್ಲ. ಹಲವು ಸಲ ಚುಚ್ಚಿ ಬಳಸುವ ಕೆಲವು ವಯಲ್‌ಗಳಲ್ಲಿ ಕೆಡದಂತೆ ಮೀಥೈಲ್ ಪ್ಯಾರಾಬೆನ್ ಹಾಕಿರುತ್ತಾರೆ. ಅದಿಲ್ಲದ್ದು ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಆಂಪುಲ್ ಒಡೆಯುವಾಗ ಹೆಸರು ಮತ್ತು ಶೇಕಡಾ ಎರಡನ್ನೂ ಇಬ್ಬರು ಜೋರಾಗಿ ಓದಿ. ತೋಳಿಗೆ ಟೂರ್ನಿಕೆ ಕಟ್ಟಿ ಅಭಿಧಮನಿಗೆ ಕೊಡುವ ಬಯರ್ಸ್ ಬ್ಲಾಕ್‌ಗೆ ಬುಪಿವಕೇನ್ ಯಾವತ್ತೂ ಬೇಡ. ಅದರಿಂದ ಸಾವುಗಳಾಗಿವೆ.

ಐವಿ ಲೈನ್, ಇಸಿಜಿ, ಬಿಪಿ, ಪಲ್ಸ್ ಆಕ್ಸಿಮೀಟರ್ ಇಲ್ಲದೆ ಶುರು ಮಾಡಬೇಡಿ. ಒಂದು ಸಲಕ್ಕೆ 3ರಿಂದ 5 ಮಿ.ಲೀ. ಮಾತ್ರ ಕೊಡಿ. ಪ್ರತಿ ಸಲ ಎಳೆದು ನೋಡಿ, ರೋಗಿಯನ್ನು ಮಾತಾಡಿಸಿ. ಬಾಯಿ ಸುತ್ತ ಜೋಮು, ಕಿವಿಯಲ್ಲಿ ಗುಂಯ್, ಬಾಯಲ್ಲಿ ಲೋಹದ ರುಚಿ, ಸುಮ್ನೆ ಗಾಬರಿ, ತೊದಲು: ಇಷ್ಟರಲ್ಲಿ ಒಂದು ಕಂಡರೂ ನಿಲ್ಲಿಸಿ. ಕೊಟ್ಟ ಮೇಲೆ ಕನಿಷ್ಠ 30 ನಿಮಿಷ ಮಾನಿಟರ್ ಬಿಚ್ಚಬೇಡಿ.

ವಿಷವೇರಿದರೆ ಮೊದಲು ಸಹಾಯಕ್ಕೆ ಕೂಗಿ, ಆಕ್ಸಿಜನ್ ಕೊಟ್ಟು ಉಸಿರು ನೋಡಿಕೊಳ್ಳಿ, ಫಿಟ್ಸ್‌ಗೆ ಮಿಡಜೋಲಮ್ ಕೊಡಿ. 20% ಲಿಪಿಡ್ ಎಮಲ್ಷನ್ (ಅಭಿಧಮನಿಗೆ ಕೊಡುವ ಕೊಬ್ಬಿನ ದ್ರವ) ಕಿಲೋಗೆ 1.5 ಮಿ.ಲೀ.ನಂತೆ ಎರಡು ಮೂರು ನಿಮಿಷದಲ್ಲಿ ಹೋಗಲಿ. ಐವತ್ತು ಕಿಲೋಗೆ 75 ಮಿ.ಲೀ. ಆಮೇಲೆ ನಿಮಿಷಕ್ಕೆ ಕಿಲೋಗೆ 0.25 ಮಿ.ಲೀ. ಓಡಲಿ. ಬಿಪಿ ಸ್ಥಿರವಾದ ಮೇಲೂ 15 ನಿಮಿಷ ಮುಂದುವರಿಸಿ. ಒಟ್ಟು ಮಿತಿ ಕಿಲೋಗೆ 12 ಮಿ.ಲೀ. ಹೃದಯ ನಿಂತರೆ ಎದೆ ಒತ್ತುವುದನ್ನು ಬೇಗ ಬಿಡಬೇಡಿ, ಬಹಳ ಹೊತ್ತು ಬೇಕಾಗಬಹುದು. ಅಡ್ರಿನಲಿನ್ ಸಣ್ಣ ಡೋಸ್‌ನಲ್ಲಿ, ಕಿಲೋಗೆ 1 ಮೈಕ್ರೋಗ್ರಾಂ ಮೀರದಂತೆ ಕೊಡಿ. ಬಡಿತ ತಪ್ಪಿದೆ ಎಂದು ಲಿಗ್ನೋಕೇನ್ ಕೊಡುವುದು ಬೆಂಕಿಗೆ ತುಪ್ಪ. ಲಿಪಿಡ್ ಬಾಟಲಿ ಫಾರ್ಮಸಿಯ ಬೀಗದೊಳಗಿದ್ದರೆ ಪ್ರಯೋಜನ ಇಲ್ಲ. ಬ್ಲಾಕ್ ಕೊಡುವ ಕೋಣೆಯಲ್ಲೇ ಇರಬೇಕು, ಈ ಲೆಕ್ಕ ಬರೆದ ಚೀಟಿ ಅದಕ್ಕೆ ಅಂಟಿಸಿರಬೇಕು. ಬಡ ಆಸ್ಪತ್ರೆ, ಬುಪಿವಕೇನ್ ಒಂದೇ ಸಿಗುತ್ತದೆ ಅನ್ನುವವರಿಗೆ ನಾನು ಹೇಳುವುದು ಇದನ್ನೇ: ಲೆಕ್ಕ, ಲಿಪಿಡ್, ನಿಧಾನ ಈ ಮೂರು ಇದ್ದರೆ ಬುಪಿವಕೇನ್ ಇವತ್ತಿಗೂ ಒಳ್ಳೆಯ ಔಷಧ.

ಹೆಜ್ಜೆ 6: ಇಳಿಯುವ ಹೊತ್ತಿಗೆ ರೋಗಿಯನ್ನು ಸಿದ್ಧ ಮಾಡಿ

ಓಟಿಯಿಂದ ಕಳಿಸುವಾಗ ನೀವೇ ಹೇಳಿ, ಅವರ ಭಾಷೆಯಲ್ಲೇ ಹೇಳಿ. "ನೋಡಿ ಅಮ್ಮಾ, ಈ ಕೈ ರಾತ್ರಿ ಒಂದು ಎರಡು ಗಂಟೆವರೆಗೂ ಮರಗಟ್ಟಿರುತ್ತೆ. ಆಮೇಲೆ ಜೋಮು ಹಿಡಿದ ಹಾಗೆ ಆಗುತ್ತೆ, ಅದು ನೋವು ಬರೋ ಸೂಚನೆ. ಈಗ ನೋವಿಲ್ಲ ಅಂತ ಮಾತ್ರೆ ಬಿಡಬೇಡಿ. ಊಟ ಆದ ಮೇಲೆ ಒಂದು, ಮಲಗೋ ಮುಂಚೆ ಇನ್ನೊಂದು ತಗೊಳ್ಳಿ. ಕೈನ ಜೋಳಿಗೆಯಲ್ಲೇ ಇಟ್ಕೊಳ್ಳಿ. ಬಿಸಿ ಪಾತ್ರೆ, ಒಲೆ ಹತ್ತಿರ ತಗೊಂಡು ಹೋಗಬೇಡಿ, ಸುಟ್ಟರೂ ಗೊತ್ತಾಗಲ್ಲ." ಜೊತೆಗಿರುವ ಮಗನಿಗೋ ಸೊಸೆಗೋ ಇದೇ ಮಾತು ಇನ್ನೊಮ್ಮೆ ಹೇಳಿ.

ಪ್ಯಾರಾಸಿಟಮಾಲ್ ಅನ್ನು ಆರು ಗಂಟೆಗೊಮ್ಮೆ ತಪ್ಪದೆ ಕೊಡಲು ಬರೆಯಿರಿ. ಕಿಡ್ನಿ, ಹೊಟ್ಟೆ ಸರಿಯಿದ್ದರೆ ಐಬುಪ್ರೊಫೆನ್‌ನಂಥದ್ದನ್ನೂ ಸೇರಿಸಿ. "ಬೇಕಾದಾಗ" ಎಂದು ಬರೆದರೆ ಅದು ತಡವಾಗಿಯೇ ಸಿಗುವುದು. ಜೋರು ನೋವಿನ ಸರ್ಜರಿಗಾದರೆ ರಾತ್ರಿಗೆ ಟ್ರಮಡಾಲ್‌ನಂಥದ್ದೊಂದು ವಾರ್ಡಿನಲ್ಲಿ ಸಿದ್ಧವಿರಲಿ.

ಕೇಸ್ ಶೀಟ್‌ನಲ್ಲಿ ಔಷಧದ ಹೆಸರು, ಶೇಕಡಾ, ಮಿ.ಲೀ., ಕೊಟ್ಟ ಹೊತ್ತು, ಇಳಿಯಬಹುದಾದ ಹೊತ್ತು ಐದನ್ನೂ ಬರೆಯಿರಿ. ರಾತ್ರಿ ಪಾಳಿಯ ಸಿಸ್ಟರ್‌ಗೆ ಕೊನೆಯದ್ದೇ ಎಲ್ಲಕ್ಕಿಂತ ಬೇಕಾದ್ದು. ಮರುದಿನ ಬೆಳಿಗ್ಗೆ ಹೋಗಿ ನೋಡಿ, ಮನೆಗೆ ಹೋಗಿದ್ದರೆ ಫೋನ್ ಮಾಡಿ. ಯಾವಾಗ ಬೆರಳು ಆಡಿತು, ಯಾವಾಗ ನೋವು ಶುರುವಾಯಿತು ಎಂದು ಕೇಳಿ ಬರೆದುಕೊಳ್ಳಿ. ನಿಮ್ಮ ಕೈಯಲ್ಲಿ, ನಿಮ್ಮ ಆಸ್ಪತ್ರೆಯ ಔಷಧ ಎಷ್ಟು ಹೊತ್ತು ಇರುತ್ತದೆ ಎನ್ನುವುದು ಯಾವ ಪಠ್ಯಪುಸ್ತಕಕ್ಕಿಂತಲೂ ಆ ಪಟ್ಟಿಯಿಂದ ಚೆನ್ನಾಗಿ ತಿಳಿಯುತ್ತದೆ. ಎರಡು ದಿನ ಕಳೆದರೂ ಮರಗಟ್ಟುವಿಕೆ ಹೋಗದಿದ್ದರೆ, ಅಥವಾ ಹೋದ ಶಕ್ತಿಹೀನತೆ ಮರಳಿ ಬಂದರೆ, ಆ ದಿನವೇ ಕರೆಸಿ ಪರೀಕ್ಷೆ ಮಾಡಿ, ಸರ್ಜನ್‌ಗೂ ತಿಳಿಸಿ.